ಮಗಳ ಓದಿಗೆ ಕೂಡಿಟ್ಟ ರೊಕ್ಕ ಥೆರಪಿಗೆ ಬಳಸಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಸೇಡಂನವರು. ನಮ್ಮ ಮನೆಯವರು ಇಲ್ಲೇ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಕೈಗೆ 38 ಸಾವಿರ ಸಂಬಳ ಬರುತ್ತದೆ. ಮಗ ಆರನೇ ಕ್ಲಾಸ್. ಮಗಳಿಗೆ ಆರೂವರೆ ವರ್ಷ. ಅವಳಿಗೆ ಆಟಿಸಂ ಇದೆ ಅಂತ ಹೋದ ವರ್ಷ ಹೈದರಾಬಾದ್‌ನ ಡಾಕ್ಟರ್ ಹೇಳಿದರು. ಈಗ ಕಲಬುರಗಿಗೆ ಕರೆದುಕೊಂಡು ಹೋಗಿ ವಾರಕ್ಕೆ ಮೂರು ಸ್ಪೀಚ್ ಥೆರಪಿ, ಎರಡು ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ, ಕೈಚಳಕ ಕಲಿಸುವುದು) ಕೊಡಿಸುತ್ತಿದ್ದೇವೆ. ಒಂದಕ್ಕೆ 500 ರೂಪಾಯಿ. ತಿಂಗಳಿಗೆ ಹತ್ತು ಸಾವಿರದ ಮೇಲೆ ಆಗುತ್ತದೆ. ಸಂಬಳದಲ್ಲಿ ನಾಲ್ಕು ಸಾವಿರ ಹೇಗೋ ಹೊಂದಿಸುತ್ತೇವೆ. ಉಳಿದಿದ್ದಕ್ಕೆ ಕೈಸಾಲ ಮಾಡಿ ಮಾಡಿ 40 ಸಾವಿರ ಆಗಿದೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ.

ಮಗಳ ಹೆಸರಲ್ಲಿ 2020ರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೆವು. ತಿಂಗಳಿಗೆ 3,000 ಕಟ್ಟುತ್ತೇವೆ, ಈಗ ಅದರಲ್ಲಿ ಎರಡು ಮುಕ್ಕಾಲು ಲಕ್ಷ ಇದೆ. ಅವಳ ಅಜ್ಜ ರಿಟೈರ್ ಆದಾಗ ಅವಳ ಓದಿಗೆ ಅಂತ ಅವಳ ಹೆಸರಲ್ಲೇ ಬ್ಯಾಂಕಿನಲ್ಲಿ 2 ಲಕ್ಷ ಎಫ್‌ಡಿ ಇಟ್ಟಿದ್ದಾರೆ. ಎರಡು ವರ್ಷದಿಂದ ಪೋಸ್ಟ್ ಆಫೀಸಿನಲ್ಲಿ 2,000 ರೂಪಾಯಿ ಆರ್‌ಡಿ ನಡೆಯುತ್ತಿದೆ. ಮಗನ ಹೆಸರಲ್ಲಿ 2017ರಿಂದ ಪಿಪಿಎಫ್ ಇದೆ.

ಹೈದರಾಬಾದ್‌ನ ಒಂದು ಸೆಂಟರ್‌ನವರು ಆರು ತಿಂಗಳ ಪ್ಯಾಕೇಜ್‌ಗೆ 1.8 ಲಕ್ಷ ಮುಂಗಡ ಕಟ್ಟಿ, ಮಾತು ಬರುವುದು ಗ್ಯಾರಂಟಿ ಅಂತಾರೆ. ಸುಕನ್ಯಾ ಖಾತೆಯಿಂದ ತೆಗೆಯೋಣ ಅಂತ ಹೋದರೆ ಪೋಸ್ಟ್ ಆಫೀಸಿನವರು ಪಾಸ್‌ಬುಕ್ ನೋಡಿ, "ಹತ್ತನೇ ಪಾಸ್ ಆಗ್ಬೇಕು, ಇಲ್ಲಾಂದ್ರ 18 ತುಂಬಬೇಕು ನೋಡ್ರಿ" ಅಂದು ವಾಪಸ್ ಕೊಟ್ಟರು. ಅತ್ತೆ-ಮಾವ "ಓದಿಗಂತ ಇಟ್ಟ ರೊಕ್ಕ, ಮುಟ್ಟಬ್ಯಾಡ್ರಿ" ಅಂತಾರೆ. ಅಮೆರಿಕದಲ್ಲಿರುವ ನಮ್ಮ ಅಣ್ಣ, ಅಲ್ಲಿ ಓದಿನ ಫಂಡ್‌ನಿಂದಲೇ ಥೆರಪಿಗೆ ಕೊಡಬಹುದು ಅಂತಾನೆ. ಏನು ಮಾಡಲಿ ಸರ್?

ಉತ್ತರ: ತಂಗಿ, ಓದಿನ ರೊಕ್ಕ ಥೆರಪಿಗೆ ಬಳಸಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸುಕನ್ಯಾ ಖಾತೆ ಒಡೆಯಬೇಡಿ, ಆ ಪ್ಯಾಕೇಜ್‌ಗೆ ಮುಂಗಡವನ್ನೂ ಕಟ್ಟಬೇಡಿ. ನೀವು ಬರೆದ ಲೆಕ್ಕ ನೋಡಿದರೆ ಇವೆರಡನ್ನೂ ಮಾಡದೆ ಐದು ವರ್ಷ ಥೆರಪಿ ನಡೆಸುವಷ್ಟು ಹಣ ನಿಮ್ಮ ಹತ್ತಿರವೇ ಇದೆ.

ಮೊದಲು ಅತ್ತೆ-ಮಾವನ ಮಾತು. ಅವರದ್ದು ಜಿಪುಣತನ ಅಲ್ಲ, ಮೊಮ್ಮಗಳ ಮೇಲಿನ ಕಾಳಜಿಯೇ. ಆದರೆ ಆರೂವರೆ ವರ್ಷದ ಈ ಮಗುವಿಗೆ ಈಗ ಓದು ಅಂದರೆ ಏನು? ಕರೆದರೆ ತಿರುಗಿ ನೋಡುವುದು, ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು, ಕ್ಲಾಸಿನಲ್ಲಿ ಹತ್ತು ನಿಮಿಷ ಕೂರುವುದು, ಪೆನ್ಸಿಲ್ ಹಿಡಿಯುವುದು. ಇದನ್ನು ಈಗ ಕಲಿಸುತ್ತಿರುವುದು ಥೆರಪಿಯವರೇ. ಬಿತ್ತನೆಗೆ ಅಂತ ಎತ್ತಿಟ್ಟ ತೊಗರಿಯನ್ನು ಮಳೆ ಬಿದ್ದ ಮೇಲೂ ಚೀಲದಲ್ಲೇ ಇಡುತ್ತಾರಾ ಅಂತ ಮಾವನವರನ್ನು ಕೇಳಿ ನೋಡಿ. ಹಾಗಂತ ಚೀಲ ಪೂರ್ತಿ ಒಂದೇ ದಿನ ಖಾಲಿ ಮಾಡುವುದೂ ಬೇಡ.

ಅಣ್ಣ ಹೇಳಿದ್ದು ಅಲ್ಲಿಗೆ ನಿಜ. ಅಮೆರಿಕದಲ್ಲಿ 529 ಅನ್ನುವ ಓದಿನ ಉಳಿತಾಯ ಖಾತೆ ಇದೆ. 2025ರ ಕಾನೂನು ತಿದ್ದುಪಡಿ ಆದಮೇಲೆ ಅಂಗವೈಕಲ್ಯವಿರುವ ಶಾಲಾ ಮಕ್ಕಳ ಸ್ಪೀಚ್, ಆಕ್ಯುಪೇಷನಲ್ ಥೆರಪಿಗೂ ಅದರಿಂದ ತೆರಿಗೆ ಇಲ್ಲದೆ ಹಣ ತೆಗೆಯಬಹುದು. ಇಂಥ ಮಕ್ಕಳಿಗೇ ಅಂತ 2014ರ ಕಾನೂನಿನಲ್ಲಿ ಏಬಲ್ ಅನ್ನುವ ಬೇರೆ ಖಾತೆಯೂ ಬಂದಿದೆ. ನಮ್ಮಲ್ಲಿ ಆ ಥರದ ಖಾತೆ ಇಲ್ಲ. ನಮ್ಮಲ್ಲಿ "ಓದಿನ ರೊಕ್ಕ" ಅನ್ನುವುದು ಮನೆಯವರು ಇಟ್ಟುಕೊಂಡ ಹೆಸರು ಅಷ್ಟೇ. ಸರ್ಕಾರದ ಲೆಕ್ಕದಲ್ಲಿ ಅದು ಎಫ್‌ಡಿ, ಆರ್‌ಡಿ, ಪಿಪಿಎಫ್, ಸುಕನ್ಯಾ. ಒಂದೊಂದಕ್ಕೂ ಒಂದೊಂದು ಕಾಯ್ದೆ. ಹಾಗಾಗಿ ಒಂದೊಂದಾಗಿ ನೋಡೋಣ.

ಸುಕನ್ಯಾ ಖಾತೆಯ ವಿಷಯದಲ್ಲಿ ಪೋಸ್ಟ್ ಆಫೀಸಿನವರು ಸರಿಯಾಗೇ ಹೇಳಿದ್ದಾರೆ. ಹುಡುಗಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ, ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಓದಿಗೆ ತೆಗೆಯಬಹುದು. ಅದಕ್ಕೂ ಕಾಲೇಜಿನ ಪ್ರವೇಶ ಪತ್ರ ಇಲ್ಲವೇ ಫೀ ಚೀಟಿ ತೋರಿಸಬೇಕು. ಐದು ವರ್ಷ ಆದಮೇಲೆ ಅವಧಿಗೆ ಮುಂಚೆ ಖಾತೆ ಮುಚ್ಚಲು ಒಂದು ದಾರಿ ಇದೆ. ಅದು ಮಗುವಿಗೆ ಜೀವಕ್ಕೇ ಅಪಾಯ ತರುವ ಕಾಯಿಲೆ ಬಂದರೆ, ಅಥವಾ ಪೋಷಕರೇ ತೀರಿಕೊಂಡರೆ. ನಿಮ್ಮ ಖಾತೆಗೆ ಐದು ವರ್ಷ ಆಗಿದೆ ಅಲ್ವಾ, ಹಾಗಾದರೆ ಆಗುತ್ತೆ ಅಂತ ಯಾರಾದರೂ ಹೇಳಬಹುದು. ಆಟಿಸಂ ಜೀವಕ್ಕೆ ಅಪಾಯದ ಕಾಯಿಲೆ ಅಲ್ಲ. ಅದು ಕಾಯಿಲೆಯೇ ಅಲ್ಲ, ಮಗುವಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ. ಆ ಕಾರಣಕ್ಕೆ ಅರ್ಜಿ ಹಾಕಿ ಅಲೆದಾಡುವುದು ಸುಮ್ನೆ ಕಾಲಹರಣ.

ಇನ್ನೊಂದು ಮಾತು. ದಾರಿ ಇದ್ದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಈ ಖಾತೆಗೆ 2024ರ ಜನವರಿಯಿಂದ 8.2% ಬಡ್ಡಿ ಇದೆ, ಪೂರ್ತಿ ತೆರಿಗೆ ಇಲ್ಲ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಹೆಚ್ಚುಕಡಿಮೆ ಆಗಬಹುದು. ಇದೇ ದರ ಅಂತ ಇಟ್ಟುಕೊಂಡರೆ, ನೀವು ಇನ್ನು ದೊಡ್ಡ ಮೊತ್ತ ಕಟ್ಟದಿದ್ದರೂ ಈಗಿರುವ ಎರಡು ಮುಕ್ಕಾಲು ಲಕ್ಷವೇ ಹದಿನೈದು ವರ್ಷದಲ್ಲಿ ಸುಮಾರು ಒಂಬತ್ತು ಲಕ್ಷ ಆಗುತ್ತದೆ. ತೆರೆದ ದಿನದಿಂದ 21 ವರ್ಷ ತುಂಬಿದಾಗ, ಅಂದರೆ 2041ರಲ್ಲಿ, ಪೂರ್ತಿ ಹಣ ಅವಳ ಕೈಗೆ ಬರುತ್ತದೆ. ಆಗ ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ. ಕಾಲೇಜಿಗೆ ಹೋಗಿರಲಿ, ಟೈಲರಿಂಗ್ ಕಲಿತಿರಲಿ, ಮನೆಯಲ್ಲೇ ಇರಲಿ. ಬೇರೆ ಹುಡುಗಿಯರು ಆ ವಯಸ್ಸಿಗೆ ದುಡಿಯಲು ಶುರು ಮಾಡಬಹುದು. ನಿಮ್ಮ ಮಗಳಿಗೆ ಆಗ ಇನ್ನೊಂದಿಷ್ಟು ಆಸರೆ ಬೇಕಾಗಬಹುದು. ಹಾಗಾಗಿ ಈ ಖಾತೆಯನ್ನು ಅವಳ ದೊಡ್ಡ ವಯಸ್ಸಿನ ರೊಕ್ಕ ಅಂತ ಮನಸ್ಸಿನಲ್ಲಿ ಬರೆದಿಟ್ಟುಬಿಡಿ.

ಒಡೆಯಬೇಡಿ ಅಂದೆ. ಆದರೆ ತುಂಬುವುದನ್ನು ಕಡಿಮೆ ಮಾಡಬಹುದು. ಹೆಚ್ಚಿನವರು ಗಮನಿಸದೆ ಇರುವ ವಿಷಯ ಇದು. ಸುಕನ್ಯಾ ಖಾತೆಗೆ ವರ್ಷಕ್ಕೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ 250 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ. ನೀವು ಈಗ ವರ್ಷಕ್ಕೆ 36,000 ಕಟ್ಟುತ್ತಿದ್ದೀರಿ. ಅದನ್ನು 250ಕ್ಕೆ ಇಳಿಸಿದರೆ ಖಾತೆ ಜೀವಂತ ಇರುತ್ತದೆ, ಹಳೇ ಹಣಕ್ಕೆ ಅದೇ ಬಡ್ಡಿ ಬರುತ್ತದೆ. ನಿಮ್ಮ ಕೈಯಲ್ಲಿ ವರ್ಷಕ್ಕೆ 35,750 ಉಳಿಯುತ್ತದೆ, ತಿಂಗಳಿಗೆ ಹತ್ತಿರ ಹತ್ತಿರ ಮೂರು ಸಾವಿರ. ಇದಕ್ಕೆ ಅರ್ಜಿ ಬೇಡ, ಯಾರ ಸಹಿಯೂ ಬೇಡ. ಬ್ಯಾಂಕಿನಿಂದ ತಾನಾಗೇ ಕಟ್ ಆಗುವ ಹಾಗೆ ಮಾಡಿದ್ದರೆ ಅದನ್ನು ನಿಲ್ಲಿಸಿ. ಮಾರ್ಚ್ 31ರೊಳಗೆ 250 ಕಟ್ಟಿದರೆ ಆಯಿತು. ಮರೆತರೆ ವರ್ಷಕ್ಕೆ 50 ರೂಪಾಯಿ ದಂಡ, ಅಷ್ಟೇ. ಮುಂದೆ ಕೈ ಸಡಿಲ ಆದಾಗ ಮತ್ತೆ ಹೆಚ್ಚು ಕಟ್ಟಬಹುದು. ಖಾತೆ ತೆರೆದು 15 ವರ್ಷ ಆಗುವ ತನಕ ಕಟ್ಟಲು ಅವಕಾಶ ಇದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ಈಗ ಅಜ್ಜನ ಎಫ್‌ಡಿ. ಥೆರಪಿಗೆ ಕೈ ಹಾಕಬೇಕಾದ ರೊಕ್ಕ ಇದೇ. ಮಗುವಿನ ಹೆಸರಲ್ಲಿದೆ, ಮಗುವಿಗಾಗಿಯೇ ಖರ್ಚಾಗುತ್ತದೆ, ಪೋಷಕರಾಗಿ ನೀವು ಒಡೆಯಬಹುದು. ಅವಧಿಗೆ ಮುಂಚೆ ಒಡೆದರೆ ಬ್ಯಾಂಕುಗಳು ಸಾಮಾನ್ಯವಾಗಿ ಬಡ್ಡಿಯಲ್ಲಿ ಅರ್ಧದಿಂದ ಒಂದು ಪರ್ಸೆಂಟ್ ಕಡಿಮೆ ಮಾಡುತ್ತವೆ. ಆ ನಷ್ಟ ನೋಡಿ ಹೆದರಬೇಡಿ. ಇನ್ನೊಂದು ಕಡೆ ನೀವು ಕೊಡುತ್ತಿರುವ ಬಡ್ಡಿ ನೋಡಿ. ನೂರಕ್ಕೆ ಎರಡು ರೂಪಾಯಿ ಅಂದರೆ ಕೇಳುವುದಕ್ಕೆ ಚಿಕ್ಕದು. ಅದು ತಿಂಗಳ ಲೆಕ್ಕ. ವರ್ಷಕ್ಕೆ 24%. 40 ಸಾವಿರಕ್ಕೆ ತಿಂಗಳಿಗೆ 800 ರೂಪಾಯಿ ಬರೀ ಬಡ್ಡಿ. ಒಂದು ಕಡೆ ಮಗಳ ಎಫ್‌ಡಿಗೆ ಆರೇಳು ಪರ್ಸೆಂಟ್ ಬರುತ್ತಿದೆ, ಇನ್ನೊಂದು ಕಡೆ ಅವಳದೇ ಥೆರಪಿಗೆ ತಂದ ಸಾಲಕ್ಕೆ 24 ಪರ್ಸೆಂಟ್ ಹೋಗುತ್ತಿದೆ. ಓದಿನ ರೊಕ್ಕ ಮುಟ್ಟಬಾರದು ಅಂತ ಕೂತರೆ ಆಗುವುದು ಇದೇ.

ಹಾಗಾಗಿ ಹೀಗೆ ಮಾಡಿ. ಎಫ್‌ಡಿ ಒಮ್ಮೆ ಒಡೆಯಿರಿ. 40 ಸಾವಿರ ಕೊಟ್ಟು ಕೈಸಾಲ ತೀರಿಸಿ. ಬರೆದುಕೊಟ್ಟ ಚೀಟಿ ಏನಾದರೂ ಇದ್ದರೆ ವಾಪಸ್ ಇಸಿದುಕೊಳ್ಳಿ. 36 ಸಾವಿರವನ್ನು ಮಗಳ ಉಳಿತಾಯ ಖಾತೆಯಲ್ಲಿ ಈ ವರ್ಷದ ಖರ್ಚಿಗೆ ಬಿಡಿ. ಉಳಿದ 1,24,000ವನ್ನು ತಲಾ 31,000ದ ನಾಲ್ಕು ಎಫ್‌ಡಿ ಮಾಡಿ, ಒಂದು ಒಂದು ವರ್ಷಕ್ಕೆ, ಒಂದು ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ. ಆರೂವರೆ ಪರ್ಸೆಂಟ್ ಸಿಕ್ಕರೂ ಮೊದಲನೆಯದು 33 ಸಾವಿರ ಆಗಿ ಬರುತ್ತದೆ, ಕೊನೆಯದು 40 ಸಾವಿರದ ಹತ್ತಿರ. ವರ್ಷಕ್ಕೊಂದು ಕೈಗೆ ಬರುತ್ತಾ ಹೋಗುತ್ತದೆ. ಇಷ್ಟು ಮಾಡಿದರೆ ತಿಂಗಳ ಲೆಕ್ಕ ಹೀಗೆ ಕೂರುತ್ತದೆ: ಸಂಬಳದಿಂದ ನಾಲ್ಕು ಸಾವಿರ, ಸುಕನ್ಯಾದಿಂದ ತಿರುಗಿಸಿದ್ದು ಮೂರು ಸಾವಿರ, ಎಫ್‌ಡಿಯಿಂದ ಮೂರು ಸಾವಿರ. ಹತ್ತು ಸಾವಿರ ಆಯಿತಲ್ಲ. ಮೇಲಿನ ಚಿಲ್ಲರೆಗೆ, ಸಾಲ ತೀರಿ ಉಳಿಯುವ 800 ಬಡ್ಡಿ ಇದೆ. ಹೊಸ ಸಾಲ ಇಲ್ಲದೆ ಮಗಳಿಗೆ ಹನ್ನೊಂದು ದಾಟುವ ತನಕ ಸಾಗುತ್ತದೆ. ಹೊಲ ಇದ್ದರೆ ತೊಗರಿ ರಾಶಿ ಆದ ಕೂಡಲೇ ಬಂದ ರೊಕ್ಕದಲ್ಲಿ ಒಂದು ಪಾಲನ್ನು ಇನ್ನೊಂದು ಎಫ್‌ಡಿ ಮಾಡಿ. ಜನವರಿಯಲ್ಲಿ ಮಾಡದಿದ್ದರೆ ಯುಗಾದಿ ಹೊತ್ತಿಗೆ ಅದು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ.

ಆರ್‌ಡಿಯನ್ನು ಹಾಗೇ ಬಿಡಿ. ಪೋಸ್ಟ್ ಆಫೀಸ್ ಆರ್‌ಡಿಯನ್ನು ಮೂರು ವರ್ಷ ಆಗುವ ಮುಂಚೆ ಮುಚ್ಚಲು ಆಗದು. ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ 4% ಬಡ್ಡಿಯೇ ಸಿಗುವುದು. ಆದರೆ ಒಂದು ವರ್ಷ, 12 ಕಂತು ತಪ್ಪದೆ ಕಟ್ಟಿದ್ದರೆ ಅದರಲ್ಲಿರುವ ಮೊತ್ತದ ಅರ್ಧದವರೆಗೆ ಸಾಲ ಸಿಗುತ್ತದೆ, ಆರ್‌ಡಿ ಬಡ್ಡಿಗಿಂತ ಎರಡು ಪರ್ಸೆಂಟ್ ಮಾತ್ರ ಜಾಸ್ತಿ. ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಮತ್ತೆ ಬಡ್ಡಿಯವರ ಮನೆಗೆ ಹೋಗುವ ಬದಲು ಇದು ಇರಲಿ.

ಮಗನ ಪಿಪಿಎಫ್ ಬೇಡವೇ ಬೇಡ. ಐದು ವರ್ಷ ಕಳೆದಿದೆ, ಒಂದು ಭಾಗ ತೆಗೆಯಲು ಅವಕಾಶ ಇರುವುದು ನಿಜ. ಆದರೆ ಅಪ್ರಾಪ್ತರ ಖಾತೆಯಿಂದ ತೆಗೆಯುವಾಗ, ಈ ಹಣ ಆ ಮಗುವಿನ ಉಪಯೋಗಕ್ಕೇ ಅಂತ ಪೋಷಕರು ಬರೆದುಕೊಡಬೇಕು. ತಂಗಿಯ ಥೆರಪಿಗೆ ತೆಗೆದು ಅಣ್ಣನ ಉಪಯೋಗಕ್ಕೆ ಅಂತ ಸಹಿ ಮಾಡಿದರೆ ಅದು ಸುಳ್ಳು. ಕಾಯ್ದೆ ಬದಿಗಿಡಿ. ಮನೆಯಲ್ಲಿ ಎಲ್ಲರ ಗಮನ ತಂಗಿಯ ಕಡೆ ಹೋಗಿರುವುದು ಆರನೇ ಕ್ಲಾಸಿನ ಹುಡುಗನಿಗೆ ಗೊತ್ತಾಗಿಯೇ ಇರುತ್ತದೆ. ಅವನ ಪಾಲು ಅವನದ್ದಾಗಿಯೇ ಇರಲಿ. ಅದೇ ಪಿಪಿಎಫ್ ನಿಮ್ಮ ಯಜಮಾನರ ಸ್ವಂತ ಹೆಸರಲ್ಲಿದ್ದಿದ್ದರೆ ಮಾತೇ ಬೇರೆ. ಆಗ ಐದು ವರ್ಷದ ನಂತರ ವರ್ಷಕ್ಕೊಮ್ಮೆ ಒಂದು ಭಾಗ ತೆಗೆಯಬಹುದು, ಕಾರಣ ಹೇಳಬೇಕಾಗಿಲ್ಲ. ಹಾಗೆ ಇರುವ ಬೇರೆ ಓದುಗರಿಗೆ ಇದು ಉಪಯೋಗ ಆಗಲಿ.

ಇನ್ನು ಆ 1.8 ಲಕ್ಷದ ಪ್ಯಾಕೇಜ್. ನಾನು ಹಣದ ಲೆಕ್ಕ ಹೇಳುವವನು, ಚಿಕಿತ್ಸೆ ಬಗ್ಗೆ ಮಕ್ಕಳ ಡಾಕ್ಟರೇ ಹೇಳಬೇಕು. ಆದರೂ ಗ್ಯಾರಂಟಿ ಅನ್ನುವ ಪದ ಕೇಳಿದ ಕೂಡಲೇ ಪರ್ಸ್ ಮುಚ್ಚಿ. ಇಂಥ ಮಗು ಇಷ್ಟು ತಿಂಗಳಿಗೆ ಇಷ್ಟು ಮಾತಾಡುತ್ತದೆ ಅಂತ ಯಾವ ಒಳ್ಳೆ ಥೆರಪಿಸ್ಟ್ ಕೂಡ ಬರೆದುಕೊಡುವುದಿಲ್ಲ. ಮುಂಗಡ ಕಟ್ಟಿದ ಮೇಲೆ ಎರಡನೇ ತಿಂಗಳಿಗೇ ಮಗು ಹೊಂದಿಕೊಳ್ಳದಿದ್ದರೆ, ಅಥವಾ ಅಲ್ಲಿನ ಥೆರಪಿಸ್ಟ್ ಕೆಲಸ ಬಿಟ್ಟು ಹೋದರೆ, ಆ ರೊಕ್ಕ ವಾಪಸ್ ತರುವವರು ಯಾರು? ಆರು ತಿಂಗಳು ಹೈದರಾಬಾದ್‌ನಲ್ಲಿ ಮನೆ ಬಾಡಿಗೆ, ಊಟ ಬೇರೆ. ಏಳನೇ ತಿಂಗಳಿಗೆ ನೀವು ಸೇಡಂಗೆ ಬರುತ್ತೀರಿ, ಕೈಯಲ್ಲಿ ಏನೂ ಇರುವುದಿಲ್ಲ, ಥೆರಪಿ ಮಾತ್ರ ಇನ್ನೂ ಬೇಕಾಗಿರುತ್ತದೆ. ಇದು ವರ್ಷಗಟ್ಟಲೆ ನಡೆಯುವ ಖರ್ಚು. ಯಾವಾಗಲೂ ತಿಂಗಳು ತಿಂಗಳು ಕೊಡಿ. ಇದೇ ಥರ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲೇ ಹೇಳಿದೆ.

ಹೈದರಾಬಾದ್ ಕಡೆಗೇ ಹೋಗಬೇಕು ಅನಿಸಿದರೆ ಸಿಕಂದರಾಬಾದ್‌ನ ಮನೋವಿಕಾಸ್ ನಗರದಲ್ಲಿ ಕೇಂದ್ರ ಸರ್ಕಾರದ ಎನ್‌ಐಇಪಿಐಡಿ ಇದೆ. ಬೌದ್ಧಿಕ ಬೆಳವಣಿಗೆಯ ತೊಂದರೆ ಇರುವವರಿಗಾಗಿಯೇ ಇರುವ ರಾಷ್ಟ್ರೀಯ ಸಂಸ್ಥೆ. ಸೇಡಂ ರೈಲು ಮಾರ್ಗವೇ ತಾಂಡೂರು, ವಿಕಾರಾಬಾದ್ ದಾಟಿ ಅತ್ತ ಹೋಗುತ್ತದೆ. ಅಲ್ಲಿ ಮಗುವನ್ನು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಏನೇನು ಮಾಡಿಸಬೇಕು ಅಂತ ಬರೆಸಿಕೊಂಡು ಬನ್ನಿ. ಮತ್ತೆ ಯಾವಾಗ ಬರಬೇಕು ಅಂತ ಅವರನ್ನೇ ಕೇಳಿ. ಲಕ್ಷ ಕಟ್ಟಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಭಾಷೆ, ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ನಿಜ, ಆದರೆ ಕನ್ನಡದಲ್ಲೇ ಮಾತಾಡಿಸಿ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಅದು ಸಣ್ಣ ವಿಷಯ ಅಲ್ಲ.

ಈಗ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ಮಗಳಿಗೆ ಅಂಗವಿಕಲತೆಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರಾ? ನೀವು ಬರೆದಿಲ್ಲ, ಹಾಗಾಗಿ ಇಲ್ಲ ಅಂತ ಅಂದುಕೊಳ್ಳುತ್ತೇನೆ. ಕೆಲವು ಮನೆಗಳಲ್ಲಿ "ಕಾರ್ಡ್ ಮಾಡಿಸಿದರೆ ಹಣೆಬರಹ ಬರೆದ ಹಾಗೆ, ನಾಳೆ ಮದುವೆಗೆ ತೊಂದರೆ" ಅಂತ ಹಿಂದೇಟು ಹಾಕುತ್ತಾರೆ. ಮಗುವಿಗೆ ಆರು ವರ್ಷ. ಈಗ ಬೇಕಾಗಿರುವುದು ನೆರವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಈ ಕಾರ್ಡಿಗೆ ಅರ್ಜಿ ಹಾಕಿದರೆ ಕಲಬುರಗಿಯ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಕರೆಯುತ್ತಾರೆ. ಆಟಿಸಂಗೆ ಐಎಸ್‌ಎಎ ಅನ್ನುವ ಪ್ರಶ್ನಾವಳಿ ಇಟ್ಟುಕೊಂಡು ಅಂಕ ಕೊಡುತ್ತಾರೆ. ಆ ದಿನ ಮಗಳು ಸುಮ್ಮನೆ ಕೂತು ಜಾಣೆಯ ಹಾಗೆ ಇರಬಹುದು. ಅದಕ್ಕೇ ಮನೆಯಲ್ಲಿ ಹೇಗಿರುತ್ತಾಳೆ ಅನ್ನುವ ಎರಡು ಮೂರು ಸಣ್ಣ ವಿಡಿಯೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಹೈದರಾಬಾದ್ ಡಾಕ್ಟರ್ ವರದಿಯನ್ನೂ. ಅರ್ಜಿ ಹಾಕಲು ಪುರಸಭೆಯಲ್ಲಿ ಯುಆರ್‌ಡಬ್ಲ್ಯೂ, ಹಳ್ಳಿಯಾದರೆ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಕೆಲಸವೇ ಅದು, ಸಂಕೋಚ ಬೇಡ.

ಆ ಕಾರ್ಡ್ ಬಂದಮೇಲೆ ಮೊದಲು ಮಾಡಬೇಕಾದ್ದು ನಿರಾಮಯ. ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಂಗವಿಕಲತೆ, ಈ ನಾಲ್ಕಕ್ಕೆ ಮಾತ್ರ. ವರ್ಷಕ್ಕೆ ಒಂದು ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಮೊದಲ ಸಲ 500 ರೂಪಾಯಿ, ಆಮೇಲೆ ವರ್ಷಕ್ಕೆ 250. ಬಿಪಿಎಲ್‌ಗೆ 250, ಆಮೇಲೆ 50. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಕೊಡುತ್ತದೆ, ಥೆರಪಿ ಅಂದರೆ ಕೈಯಾಡಿಸಿಬಿಡುತ್ತದೆ. ನಿರಾಮಯದಲ್ಲಿ ಥೆರಪಿಗೂ ಇಂತಿಷ್ಟು ಅಂತ ಬೇರೆಯೇ ಮಿತಿ ಇದೆ. ಪೂರ್ತಿ ಲಕ್ಷ ಥೆರಪಿಗೆ ಸಿಗಲ್ಲ, ಆದರೆ ಸಿಗುವಷ್ಟು ಸಿಗಲಿ. ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ ಕಳಿಸಿ ಪಡೆಯಬೇಕು. ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತದೆ, ಸಮಯಕ್ಕೆ ನವೀಕರಿಸಿ.

ಬಿಲ್ ಅಂದೆ. ಇಲ್ಲೇ ಹೆಚ್ಚಿನವರು ರೊಕ್ಕ ಕಳೆದುಕೊಳ್ಳುವುದು. ಥೆರಪಿ ಸೆಂಟರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟು ದಿನಾಂಕದ ಮುಂದೆ "500 ಪೇಡ್" ಅಂತ ಗೀಚಿ ಕಳಿಸುತ್ತಾರೆ. ಅದು ಬಿಲ್ ಅಲ್ಲ. ತಿಂಗಳ ಕೊನೆಗೆ ಲೆಟರ್‌ಹೆಡ್ ಮೇಲೆ ಒಂದು ರಸೀದಿ ಕೇಳಿ. ಅದರಲ್ಲಿ ಮಗುವಿನ ಪೂರ್ತಿ ಹೆಸರು, ಯಾವ ಥೆರಪಿ, ಯಾವ ಯಾವ ದಿನ, ಒಂದಕ್ಕೆ ಎಷ್ಟು, ಒಟ್ಟು ಎಷ್ಟು, ಥೆರಪಿಸ್ಟ್ ಹೆಸರು, ಸಹಿ, ಸೀಲು, ನೋಂದಣಿ ಸಂಖ್ಯೆ ಇರಬೇಕು. ಸ್ಪೀಚ್ ಥೆರಪಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐನ ಸಂಖ್ಯೆ ಇರುತ್ತದೆ. ಸಂಖ್ಯೆ ಕೇಳಿದ ಕೂಡಲೇ ಮುಖ ಗಂಟಿಕ್ಕಿದರೆ ಅದರಿಂದಲೇ ಒಂದಿಷ್ಟು ಗೊತ್ತಾಗುತ್ತದೆ. ಥೆರಪಿ ಬೇಕು ಅಂತ ಡಾಕ್ಟರ್ ಬರೆದ ಚೀಟಿ ಜೊತೆಗಿರಲಿ. ಮಗಳ ಹೆಸರು ಆಧಾರ್‌ನಲ್ಲಿ ಒಂದು ಥರ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದ್ದರೆ, ಅದನ್ನು ಕಾರ್ಡ್ ಮಾಡಿಸುವ ಮುಂಚೆಯೇ ಸರಿ ಮಾಡಿಸಿ. ನಮ್ಮ ಕಡೆ ಅಪ್ಪನ ಹೆಸರು, ಮನೆತನದ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಕಡೆ ಕೂರುವುದು ಇದ್ದದ್ದೇ. ಆಮೇಲೆ ಒಂದು ಅಕ್ಷರಕ್ಕೆ ಅರ್ಜಿ ವಾಪಸ್ ಬರುತ್ತದೆ.

ಪುಕ್ಕಟೆ ಸಿಗುವುದನ್ನೂ ಬಿಡಬೇಡಿ. ಹುಟ್ಟಿದಾಗಿನಿಂದ 18 ವರ್ಷದ ತನಕದ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನುವ ಕೇಂದ್ರ ಇರುತ್ತದೆ. ಮಕ್ಕಳ ಡಾಕ್ಟರ್, ಫಿಸಿಯೋ, ಸ್ಪೀಚ್, ಮನಃಶಾಸ್ತ್ರದವರು ಒಂದೇ ಕಡೆ ಇರಬೇಕು ಅನ್ನುವುದು ಅದರ ಉದ್ದೇಶ. ಯಾವ ದಿನ ಯಾರು ಸಿಗುತ್ತಾರೆ ಅಂತ ಸೇಡಂ ತಾಲೂಕು ಆಸ್ಪತ್ರೆಯ ಆರ್‌ಬಿಎಸ್‌ಕೆ ತಂಡದವರನ್ನೇ ಕೇಳಿ. ವಾರದಲ್ಲಿ ಒಂದು ಸೆಷನ್ ಅಲ್ಲಿ ಸಿಕ್ಕರೂ ತಿಂಗಳಿಗೆ ಎರಡು ಸಾವಿರ ಉಳಿಯಿತು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಅವರಿಂದ ಹೆಚ್ಚು ನೆರವು. ಸಂಬಳ 21 ಸಾವಿರದ ಒಳಗಿರುವ ಓದುಗರು ಇಎಸ್‌ಐ ಕಾರ್ಡ್ ಇದ್ದರೆ ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ನಾಡಕಚೇರಿಯಲ್ಲಿ ಅರ್ಜಿ ಹಾಕುವ ಅಂಗವಿಕಲರ ಮಾಸಾಶನಕ್ಕೆ ಆದಾಯದ ಮಿತಿ ಇದೆ, ನಿಮ್ಮ ಸಂಬಳಕ್ಕೆ ಅದು ಬರುವುದಿಲ್ಲ.

ಬಸ್ಸಿನ ಖರ್ಚು ನೀವು ಬರೆದಿಲ್ಲ. ಶಕ್ತಿ ಯೋಜನೆಯಲ್ಲಿ ನಿಮಗೂ ಮಗಳಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಅದು ಇರಲಿಕ್ಕಿಲ್ಲ. ಆದರೆ ವಾರಕ್ಕೆ ಐದು ದಿನ ಹೋಗಿ ಬರುತ್ತಿದ್ದರೆ ಮಗುವಿಗೆ ಆಯಾಸ, ನಿಮಗೂ. ಎರಡೂ ಥೆರಪಿ ಒಂದೇ ದಿನ ಬರುವ ಹಾಗೆ ಮಾಡಿಸಿಕೊಂಡು ಮೂರು ದಿನಕ್ಕೆ ಇಳಿಸಿ. ಬೇಸಿಗೆಯಲ್ಲಿ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ಬಸ್ಸಿಳಿದು ಬಂದ ಮಗು ಥೆರಪಿಯಲ್ಲಿ ಏನು ಕಲಿತೀತು? ಬೆಳಗಿನ ಹೊತ್ತೇ ಕೇಳಿ. ಸೆಷನ್ ನಡೆಯುವಾಗ ಹೊರಗಿನ ಬೆಂಚಿನ ಮೇಲೆ ಕೂರಬೇಡಿ, ಒಳಗೆ ಕೂರಲು ಬಿಡಿ ಅಂತ ಕೇಳಿ. ಅವರು "ಕೊಡು" ಅನ್ನಿಸುವುದು ಹೇಗೆ ಅಂತ ನೋಡಿಕೊಂಡರೆ, ನೀವು ರೊಟ್ಟಿ ಬಡಿಯುವಾಗ ಮಗಳು ಹಿಟ್ಟಿಗೆ ಕೈ ಚಾಚಿದಾಗ ಅದನ್ನೇ ಮಾಡಿಸಬಹುದು. ಮನೆಯಲ್ಲಿ ಚೆನ್ನಾಗಿ ನಡೆದರೆ ಮುಂದೆ ಮೂರರ ಬದಲು ಎರಡು ಸೆಷನ್ ಸಾಕೇ ಅಂತ ಥೆರಪಿಸ್ಟನ್ನೇ ಕೇಳಿ. ನೀವಾಗೇ ಕಡಿಮೆ ಮಾಡಬೇಡಿ.

ತೆರಿಗೆ ವಿಷಯ ಎರಡೇ ಮಾತು. 80ಡಿಡಿ ಅಂತ ಜನ ಕರೆಯುವ ನಿಯಮದಲ್ಲಿ, ನಮ್ಮನ್ನು ಅವಲಂಬಿಸಿದವರ ಅಂಗವಿಕಲತೆ 40% ಅಥವಾ ಮೇಲಿದ್ದರೆ 75 ಸಾವಿರ, 80% ಅಥವಾ ಮೇಲಿದ್ದರೆ 1.25 ಲಕ್ಷ ವಿನಾಯಿತಿ ಅಂತ ಎಲ್ಲರೂ ಹೇಳುತ್ತಾರೆ. ಅದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ 12 ಲಕ್ಷದ ತನಕ ತೆರಿಗೆಯೇ ಬರುವುದಿಲ್ಲ. ನಿಮ್ಮ ಯಜಮಾನರ ಸಂಬಳಕ್ಕೆ ಅದರ ಚಿಂತೆ ಬೇಡ, ಅದನ್ನು ಮಾಡಿಸಿಕೊಡುತ್ತೇವೆ ಅಂತ ಫೀ ಕೇಳುವವರಿಗೂ ಕೊಡಬೇಡಿ.

ಕೊನೆಗೆ, ಈಗಲೇ ಮಾಡಬೇಕಾಗಿಲ್ಲದ, ಆದರೆ ಡೈರಿಯಲ್ಲಿ ಬರೆದಿಡಬೇಕಾದ ಒಂದು ಕೆಲಸ. 18 ತುಂಬಿದ ದಿನ ಸುಕನ್ಯಾ ಖಾತೆ ಮಗಳ ಕೈಗೆ ಹೋಗುತ್ತದೆ, ಪೋಷಕರ ಸಹಿ ನಡೆಯುವುದಿಲ್ಲ. ಅವಳೇ ಸಹಿ ಮಾಡಿ ವ್ಯವಹಾರ ನೋಡಿಕೊಳ್ಳುವ ಹಾಗಿದ್ದರೆ ಅದಕ್ಕಿಂತ ಸಂತೋಷ ಇಲ್ಲ. ಆಗದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರಾಗಿ ನೇಮಕ ಮಾಡಿಸಿಕೊಳ್ಳಬೇಕು. ತಂದೆ-ತಾಯಿಯೇ ಆದರೂ ಆ ಕಾಗದ ಬೇಕು. ಅವಳಿಗೆ 18 ಆಗುವ ವರ್ಷದಲ್ಲೇ ಅದನ್ನು ಶುರು ಮಾಡಿ. ಕಚೇರಿಯಲ್ಲಿ ಯುಡಿಐಡಿ ಕಾರ್ಡನ್ನೇ ಮೊದಲು ಕೇಳುತ್ತಾರೆ.